ಹಿಟ್ಟಿನ ಕೋಳಿಯ ಕೂಗು: ‘ಯಶೋಧರ ಚರಿತೆ’ಯಲ್ಲಿ ಮರುಕಳಿಸುವ ದನಿ

ಜನ್ನನ ‘ಯಶೋಧರ ಚರಿತೆ’ಯನ್ನು (1209) ಕುರಿತ ವಿಮರ್ಶೆ ಬಹುಮಟ್ಟಿಗೆ ಹಿಟ್ಟಿನ ಕೋಳಿಯ ಸುತ್ತಲೇ ಬೆಳೆದಿದೆ. ಕೊಲ್ಲುವ ಸಂಕಲ್ಪವೇ ಕೊಲೆಗೆ ಸಮ ಎಂಬ ಜೈನ ತತ್ತ್ವಕ್ಕೆ ಅದು ಸಂಕೇತವೆನ್ನುವುದರಲ್ಲಿ ತಕರಾರಿಲ್ಲ. ಆದರೆ ಕೋಳಿಯನ್ನು ನೋಡುವ ಭರದಲ್ಲಿ ಅದರ ಕೂಗನ್ನು ಕೇಳಿಸಿಕೊಂಡಂತಿಲ್ಲ. ಈ ಕಾವ್ಯದಲ್ಲಿ ಅನಾಹುತ ಒಳಹೊಗುವುದು ಕಿವಿಯಿಂದ.

ರಾಜ ಯಶೋಧರನ ರಾಣಿ ಅಮೃತಮತಿ ಮಾವಟಿಗ ಅಷ್ಟಾವಂಕನ ಮುಖ ಕಾಣುವ ಮೊದಲೇ ಅವನಿಗೆ ಸೋತಿರುತ್ತಾಳೆ. ಇರುಳಿನಲ್ಲಿ ತೇಲಿಬಂದ ಹಾಡಷ್ಟೇ ಸಾಕಾಯಿತು. ಮಾವಟಿಗನ ಕುರೂಪವನ್ನು ದೂತಿ ಬಂದು ಬಣ್ಣಿಸಿದರೂ ಮನಸ್ಸು ತಿರುಗಲಿಲ್ಲ. ಯಶೋಧರ ಇಬ್ಬರನ್ನೂ ಕಣ್ಣಾರೆ ಕಂಡು ಕತ್ತಿ ಎತ್ತಿದವನು ಕೈ ತಡೆದುಕೊಂಡ. ಮುಂದೆ ತಾಯಿ ಚಂದ್ರಮತಿಗೆ ನಡೆದದ್ದನ್ನು ಹೇಳಲಾರದೆ ಕನಸಿನ ನೆಪ ಹೂಡಿದ. ಆ ಮರೆಮಾತನ್ನು ನಂಬಿದ ತಾಯಿ ಬಲಿ ಕೊಡಬೇಕೆಂದಳು. ಪ್ರಾಣಿ ಕೊಲ್ಲಲಾರೆನೆಂದಾಗ ಹಿಟ್ಟಿನ ಕೋಳಿಗಾದರೂ ಒಪ್ಪಿಸಿದಳು. ಆಯುಧಪೂಜೆಗೆ ಕುಂಕುಮ ತುಂಬಿದ ಬೂದುಗುಂಬಳ ಒಡೆಯುವ ನಮಗೆ ಇಂಥ ಬದಲಿ ಬಲಿ ಹೊಸದೇನಲ್ಲ. ಹೊಸದು ಆಮೇಲಿನದು: ಬೆಂತರವೊಂದು ಹೊಕ್ಕಿದ್ದ ಆ ಕೋಳಿ, ಕತ್ತಿ ತಾಗಿದೊಡನೆ ಕೂಗಿತು.

ಕ್ರಿ.ಪೂ. 458ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶನಗೊಂಡ ಈಸ್ಕಿಲಸ್‌ನ ‘ಅಗಮೆಮ್ನಾನ್’ ನಾಟಕದ ಬಲಿಯೊಡನೆ ಇದನ್ನು ಇಟ್ಟು ನೋಡಬೇಕು. ಅಲ್ಲಿ ಇಫಿಜೀನಿಯಾಳನ್ನು ತಂದೆ ಅಗಮೆಮ್ನಾನನ ಆಳುಗಳು ಆಡಿನಂತೆ ಬಲಿಪೀಠದ ಮೇಲೆ ಎತ್ತಿ ಹಿಡಿಯುತ್ತಾರೆ; ಮನೆತನಕ್ಕೆ ಶಾಪ ತಟ್ಟದಿರಲೆಂದು ಅವಳ ಬಾಯಿ ಬಿಗಿಯುತ್ತಾರೆ. ಮುಂದೆ ಅಗಮೆಮ್ನಾನನ ಕೊಲೆ ಅರಮನೆಯೊಳಗೆ ನಡೆದಾಗ ಪ್ರೇಕ್ಷಕರಿಗೆ ದಕ್ಕುವುದು ಅವನ ಚೀತ್ಕಾರ ಮಾತ್ರ. ಗ್ರೀಕ್ ಕವಿ ಬಾಯುಳ್ಳವಳನ್ನು ಮೂಕಳಾಗಿಸಿದರೆ ಜನ್ನ ಜೀವವಿಲ್ಲದ ಹಿಟ್ಟಿಗೆ ಕೂಗು ಕೊಟ್ಟ. ಪ್ರಭಾವದ ಪ್ರಶ್ನೆ ಇಲ್ಲಿಲ್ಲ. ಜನ್ನನ ಮುಂದಿದ್ದದ್ದು ವಾದಿರಾಜನ ಸಂಸ್ಕೃತ ಕಾವ್ಯ, ಅದಕ್ಕೂ ಹಿಂದೆ ಸೋಮದೇವನ ‘ಯಶಸ್ತಿಲಕ’ (959). ಸಂಕಲ್ಪದ ಮಟ್ಟಿಗೆ ಸೊಫೋಕ್ಲಿಸ್‌ನ ‘ಏಜಾಕ್ಸ್’ ಇನ್ನೂ ಹತ್ತಿರ: ಮರುಳುಹಿಡಿದ ವೀರ ಶತ್ರುಗಳೆಂದು ಬಗೆದು ದನಕುರಿಗಳನ್ನು ಕಡಿದುಹಾಕುತ್ತಾನೆ. ಬಿ.ಎಂ.ಶ್ರೀ. ‘ಅಶ್ವತ್ಥಾಮನ್’ (1929) ರಚಿಸಿದ್ದು ಇದೇ ನಾಟಕವನ್ನು ಆಧರಿಸಿ.

ಅಮೃತಮತಿ ಇಟ್ಟ ವಿಷದಿಂದ ಸತ್ತ ತಾಯಿಮಗ ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ ತೊಳಲುತ್ತಾರೆ. ಈ ಭವಾವಳಿಯ ಓಟ ಬಹಳ ಬಿರುಸು. ಕೊನೆಗೆ ಅವರು ನಿಜವಾದ ಕೋಳಿಗಳು. ಮುನಿಯ ಧರ್ಮಬೋಧೆ ಕೇಳಿ, ಹಿಂದಿನ ಜನ್ಮ ನೆನಪಾಗಿ, ಸಂತೋಷದಿಂದ ಕೂಗುತ್ತಾರೆ. ಆ ಕೂಗಿನ ಜಾಡು ಹಿಡಿದು ಯಶೋಮತಿ ತನ್ನ ಶಬ್ದವೇಧಿ ವಿದ್ಯೆ ಮೆರೆಸಲು ಬಾಣ ಬಿಡುತ್ತಾನೆ. ಯಶೋಧರನ ಮಗನೇ ಅವನು. ಹಿಟ್ಟಿನ ಕೋಳಿಯ ಕೂಗಿನಿಂದ ಹೊರಟ ಕರ್ಮ ಜೀವಂತ ಕೋಳಿಯ ಕೂಗಿಗೆ ಬಂದು ಮುಟ್ಟಿತು. ಜನ್ನನ ಕುಸುರಿ ಇಲ್ಲಿದೆ. ಚಂಡಮಾರಿಯ ಗುಡಿಯಲ್ಲಿ ನರಬಲಿಗೆ ನಿಂತ ರಾಜ ಮಾರಿದತ್ತನ ಕತ್ತಿಯನ್ನು ಇಳಿಸುವುದೂ, ಯಶೋಧರನೇ ಮತ್ತೆ ಹುಟ್ಟಿಬಂದ ಅಭಯರುಚಿ ಹೇಳಿದ ಕಥೆಯೇ.

ಜನ್ನನಿಗೆ ಆಶ್ರಯವಿತ್ತ ಹೊಯ್ಸಳರ ರಾಜಧಾನಿ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ಕಣ್ಣಿಗೆ ಹಬ್ಬವಾದ ಊರು. ಹೊಯ್ಸಳೇಶ್ವರದ ಗೋಡೆಯ ಯುದ್ಧಗಳಲ್ಲೂ ಬೇಲೂರಿನ ಸಳನ ಶಿಲ್ಪದಲ್ಲೂ ಹಿಂಸೆ ಬೆರಗಿನ ನೋಟ. ಜೈನ ಶ್ರೋತೃವರ್ಗವೂ ಅಲ್ಲಿ ದೊಡ್ಡದಿತ್ತು: ಹೊಯ್ಸಳ ಸೇನಾಪತಿ ಗಂಗರಾಜನ ಮಗ ಬೊಪ್ಪ ಪಾರ್ಶ್ವನಾಥ ಬಸದಿ ಕಟ್ಟಿಸಿದ್ದು 1133ರಲ್ಲಿ, ಅರಸೀಕೆರೆಯ ಸಹಸ್ರಕೂಟ ಜಿನಾಲಯ ಎದ್ದದ್ದು 1220ರಲ್ಲಿ. ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಜನ್ನ ಇಡೀ ಕಾವ್ಯವನ್ನು ಬಹುಪಾಲು ಕಂದಪದ್ಯದಲ್ಲೇ ಕಟ್ಟಿದ್ದು, ಓದಿ ಕೇಳಿಸುವ ಸಭೆಯನ್ನು ಎದುರಿಗಿಟ್ಟುಕೊಂಡೇ ಇರಬೇಕೆಂದು ನನ್ನ ಊಹೆ.

ಈ ಓದಿಗೆ ಒಗ್ಗದ ಪ್ರಸಂಗ ಒಂದಿದೆ. ಕತ್ತಿ ಇಳಿಸಿದ ಯಶೋಧರ ಮರುದಿನ ಸರಸದ ನೆಪದಲ್ಲಿ ಹೆಂಡತಿಯನ್ನು ನೈದಿಲೆಯಿಂದ ಹೊಡೆಯುತ್ತಾನೆ, ಅವಳು ಮೂರ್ಛೆ ಹೋಗುತ್ತಾಳೆ. ಅಲ್ಲಿ ದನಿಯಿಲ್ಲ, ಅದನ್ನು ಈ ಸಾಲಿಗೆ ಎಳೆಯುವುದು ಬಲವಂತವಾದೀತು. ಅದನ್ನು ಹಿಟ್ಟಿನ ಕೋಳಿಯ ಪಕ್ಕದಲ್ಲೇ ಇಟ್ಟು ಓದಬೇಕು: ಬಲಿಯಲ್ಲಿ ಪ್ರಾಣಿಯ ಬದಲು ಹಿಟ್ಟು, ಇಲ್ಲಿ ಕತ್ತಿಯ ಬದಲು ಹೂವು.