ಜಜ್ಜಿಹೋಗುವುದೇ ಕೆಲಸ

ನಮ್ಮ ಹಂದನಕೆರೆ ಕಡೆ ಕಾಯಿ ಕೆಡವುವಾಗ ಯಾರೂ ಕೆಳಗೆ ಹುಲ್ಲು ಹಾಸುವುದಿಲ್ಲ, ಬಲೆ ಹಿಡಿಯುವುದಿಲ್ಲ. ಮೇಲಿಂದ ಗೊನೆಗೊನೆಯೇ ಬೀಳುತ್ತೆ, ದಡ್ ಅನ್ನುತ್ತೆ, ಉರುಳುತ್ತೆ, ಅಷ್ಟೆ. 15 ಮೀಟರ್ ಎತ್ತರದ ಮರ ಅಂತಿಟ್ಟುಕೊಂಡರೆ ನೆಲ ಮುಟ್ಟುವ ಹೊತ್ತಿಗೆ ಕಾಯಿಯ ವೇಗ ಗಂಟೆಗೆ 60 ಕಿಲೋಮೀಟರ್ ದಾಟಿರುತ್ತೆ. ಔಟರ್ ರಿಂಗ್ ರೋಡಿನಲ್ಲಿ ನಮ್ಮ ಕಾರುಗಳಿಗೆ ಕನಸಲ್ಲಿ ಸಿಗುವ ವೇಗ. ಅದೇ ಕಾಯಿಯನ್ನು ಸುಲಿದು ಸೊಂಟದ ಎತ್ತರದಿಂದ ಕಲ್ಲಿನ ಮೇಲೆ ಕುಕ್ಕಿದರೆ ಎರಡು ಹೋಳು. ನಮ್ಮಜ್ಜನಿಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. "ಮಟ್ಟೆ ಇರೋಗಂಟ ಕಾಯಿಗೆ ಏನೂ ಆಗಾಕಿಲ್ಲ ಕಣಪ್ಪ" ಅನ್ನೋರು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿಯ ಬದುಕು ನಿಂತಿರುವುದೇ ಈ ಮಾತಿನ ಮೇಲೆ. ಕೆಡವಿದ ಕಾಯಿ ಮಟ್ಟೆ ಸಮೇತ ಅಟ್ಟ ಸೇರಬೇಕು, ತಿಂಗಳುಗಟ್ಟಲೆ ಅಲ್ಲೇ ಕೂತು ಒಳಗಿನ ನೀರು ಇಂಗಬೇಕು, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನಬೇಕು. ಬಿದ್ದ ದಿನವೇ ಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕು ಬಂದರೂ ಆ ಕಾಯಿ ಕೆಟ್ಟ ಹಾಗೇ.

ಮಟ್ಟೆ ಮಾಡುವುದು ಏನನ್ನು? ನಿಲ್ಲುವುದಕ್ಕೆ ಒಂಚೂರು ಜಾಗ ಕೊಡುತ್ತೆ. ಒಂದು ಕಿಲೋ ತೂಕದ ಕಾಯಿಗೆ, ನೆಲದ ಮೆತ್ತಗನ್ನು ಬಿಟ್ಟು ಲೆಕ್ಕ ಹಾಕಿ: 2 ಸೆಂಟಿಮೀಟರ್ ಒಳಗೆ ನಿಲ್ಲಬೇಕಾದರೆ ಮುಕ್ಕಾಲು ಟನ್ ಹೇರಿದಷ್ಟು ಬಲ ಬೀಳುತ್ತೆ. 2 ಮಿಲಿಮೀಟರ್ ಒಳಗೆ ಅಂದರೆ ಏಳೂವರೆ ಟನ್. ಚಿಪ್ಪು ಉಳಿಯುವುದು, ಒಡೆಯುವುದು ಈ ಎರಡು ಅಂಕಿಗಳ ನಡುವೆ ತೀರ್ಮಾನವಾಗುತ್ತೆ. ಈ ಲೆಕ್ಕ ಮಾಡುವಾಗೆಲ್ಲ ನನ್ನ ತಲೆಯಲ್ಲಿ ಉಳಿಯುವುದು ಕಾಯಲ್ಲ, ಮರ ಹತ್ತಿದವನು. ಅವನಿಗೆ ಮಟ್ಟೆ ಇಲ್ಲ.

ಜಾಗ ಕೊಡುವುದೇ ಆದರೆ ಸ್ಪ್ರಿಂಗ್ ಸಾಲದೇ ಅಂತ ಕೇಳಬಹುದು. ಸಾಲದು. ಸ್ಪ್ರಿಂಗ್ ತಗೊಂಡದ್ದನ್ನೆಲ್ಲ ವಾಪಸ್ ಕೊಟ್ಟುಬಿಡುತ್ತೆ, ಬಿದ್ದದ್ದು ಮತ್ತೆ ಎಗರುತ್ತೆ. ಬೇಕಾಗಿರುವುದು ತಗೊಂಡು ಹಿಂದಕ್ಕೆ ಕೊಡದ ವಸ್ತು, ಅಂದರೆ ತಾನು ಜಜ್ಜಿಹೋಗುವ ವಸ್ತು. ಅದಕ್ಕೆ ಒಳಗೆ ಟೊಳ್ಳು ಇರಬೇಕು. ಬಾಲ್ಕನಿಯ ಕುಂಡಕ್ಕೆ ನೀವು ಆನ್‌ಲೈನಲ್ಲಿ ತರಿಸುವ ಕೋಕೋಪೀಟ್ ಇದೆಯಲ್ಲ, ಅದು ಮಟ್ಟೆಯಲ್ಲಿ ನಾರಿನ ನಡುವೆ ತುಂಬಿರುವ ಆ ಟೊಳ್ಳು ಕೋಶಗಳದೇ ಪುಡಿ.

ಇಂಥದ್ದನ್ನು ಲೋಹದಲ್ಲಿ ಮಾಡುವ ಚರಿತ್ರೆ ನೂರು ವರ್ಷದ್ದು. 1920ರ ದಶಕದಲ್ಲೇ ಫ್ರಾನ್ಸಿನಲ್ಲಿ ಲೋಹಕ್ಕೆ ನೊರೆ ಬರಿಸುವ ಪೇಟೆಂಟ್ ಒಂದು ದಾಖಲಾಗಿತ್ತು. 1948ರಲ್ಲಿ ಅಮೆರಿಕದ ಬೆಂಜಮಿನ್ ಸೋಸ್ನಿಕ್ ತೆಗೆದುಕೊಂಡ ಪೇಟೆಂಟ್ ಓದಿದರೆ ಈಗಲೂ ಮೈ ಜುಂ ಅನ್ನುತ್ತೆ. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ, ಪಾದರಸ ಕುದಿಯುವುದು 357ಕ್ಕೆ. ಎರಡನ್ನೂ ಮುಚ್ಚಿದ ಪಾತ್ರೆಯಲ್ಲಿ ಒತ್ತಡದೊಳಗೆ ಕಾಯಿಸಿ, ಆಮೇಲೆ ಒತ್ತಡ ಬಿಟ್ಟರೆ ಪಾದರಸ ಆವಿಯಾಗಿ ಅಲ್ಯುಮಿನಿಯಂ ಉಬ್ಬುತ್ತೆ! ಪಾದರಸದ ಆವಿ ಕುಡಿದ ಕೆಲಸಗಾರನ ಗತಿ ಏನು ಅನ್ನೋದು ಬೇರೆ ಮಾತು. 1956ರಲ್ಲಿ ಬಿಯೋರ್ಕ್‌ಸ್ಟೆನ್ ಪ್ರಯೋಗಾಲಯದ ಜಾನ್ ಎಲಿಯಟ್ ಪಾದರಸ ಬಿಟ್ಟು ಹೈಡ್ರೈಡ್ ಪುಡಿ ಹಿಡಿದರು. ಬೋಂಡ ಹಿಟ್ಟಿಗೆ ಸೋಡಾ ಹಾಕಿದ ಹಾಗೆ, ಬಿಸಿ ಲೋಹದೊಳಗೆ ಅದು ಹೈಡ್ರೋಜನ್ ಬಿಡುತ್ತೆ. ಆದರೆ ಹಿಟ್ಟು ನೀರಾಗಿದ್ದರೆ ಗುಳ್ಳೆ ನಿಲ್ಲಲ್ಲ. ಕ್ಯಾಲ್ಸಿಯಂ ಬೆರೆಸಿ ಕರಗಿದ ಅಲ್ಯುಮಿನಿಯಮ್ಮನ್ನು ಮಂದ ಮಾಡಿ, ಅಲ್ಪೋರಾಸ್ ಅನ್ನುವ ಹೆಸರಲ್ಲಿ ಮಾರಿದ್ದು ಜಪಾನಿನ ಶಿಂಕೋ ವೈರ್ ಕಂಪನಿ. ಅದರ ಸಾಂದ್ರತೆ ಗಟ್ಟಿ ಅಲ್ಯುಮಿನಿಯಮ್ಮಿನ ಹತ್ತನೇ ಒಂದು ಭಾಗದ ಆಸುಪಾಸು. ನೀರಿಗೆ ಹಾಕಿದರೆ ತೇಲುತ್ತೆ.

ಇಂಥ ಒಂದು ತುಂಡನ್ನು ಯಂತ್ರಕ್ಕಿಟ್ಟು ಒತ್ತಿದರೆ ಬರುವ ಗ್ರಾಫ್ ನೋಡೋಕೆ ಚೆಂದ. ಮೊದಲು ಒಂದು ಸಣ್ಣ ದಿಬ್ಬ, ಆಮೇಲೆ ಉದ್ದನೆಯ ಬಯಲು, ಕೊನೆಗೆ ಕಡಿದಾದ ಬೆಟ್ಟ. ದಿಬ್ಬದ ತುದಿಯಲ್ಲಿ ಎಲ್ಲ ಕೋಶಗಳೂ ಒಟ್ಟಿಗೆ ಸೋಲುವುದಿಲ್ಲ. ಎಲ್ಲಿ ಗೋಡೆ ತೆಳುವೋ ಅಲ್ಲಿನ ಒಂದು ಸಾಲು ಮಡಚಿಕೊಳ್ಳುತ್ತೆ. ಆ ಸಾಲು ಚಪ್ಪಟೆಯಾದ ಮೇಲೆ ಪಕ್ಕದ್ದು. ಹೀಗೆ ಒಂದೊಂದೇ ಸಾಲು ಬೀಳುತ್ತಾ ಹೋಗುವಾಗ ಬಲ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತೆ, ಅದೇ ಬಯಲು. ತುಂಡು ಅರ್ಧಕ್ಕಿಂತ ಕುಗ್ಗಿದ ಮೇಲೂ ಒತ್ತಿದರೆ ಟೊಳ್ಳು ಮುಗಿದು ಗೋಡೆಗೆ ಗೋಡೆ ತಾಗುತ್ತೆ. ಅಲ್ಲಿಂದ ಅದು ಬರೀ ಲೋಹದ ಗಟ್ಟಿ, ಪೆಟ್ಟು ನೇರವಾಗಿ ಒಳಗಿರುವವರಿಗೆ. ಲೋರ್ನಾ ಗಿಬ್ಸನ್ ಮತ್ತು ಮೈಕೆಲ್ ಆಶ್ಬಿ 1988ರಲ್ಲಿ ಬರೆದ 'ಸೆಲ್ಯುಲಾರ್ ಸಾಲಿಡ್ಸ್' ಪುಸ್ತಕ ಕಾರ್ಕು, ಮರ, ಮೂಳೆ, ನೊರೆ ಎಲ್ಲವನ್ನೂ ಇದೇ ಲೆಕ್ಕಾಚಾರಕ್ಕೆ ತಂದಿತು.

ಆದರೆ ನೊರೆಗೆ ಒಂದು ಕಾಯಿಲೆ ಇದೆ. ಗುಳ್ಳೆಗಳು ಯಾರ ಮಾತೂ ಕೇಳಲ್ಲ. ಮಲ್ಲೇಶ್ವರದ ಪಕ್ಕದ ಐಐಎಸ್‌ಸಿಯಲ್ಲಿ ಯು. ರಾಮಮೂರ್ತಿ ಮತ್ತು ಸಂಗಡಿಗರು ಈ ಲೋಹದ ನೊರೆಯನ್ನು ಒತ್ತಿ, ಗುದ್ದಿ ನೋಡಿದ್ದಾರೆ. 2004ರ ಅವರ ಒಂದು ಪ್ರಬಂಧದ ವಿಷಯವೇ ಒಂದು ತುಂಡಿನಿಂದ ಇನ್ನೊಂದಕ್ಕೆ ಗುಣ ಎಷ್ಟು ಏರುಪೇರಾಗುತ್ತೆ ಅನ್ನೋದು. ಎಷ್ಟು ಬಲಕ್ಕೆ ಕುಸಿಯುತ್ತೆ ಅಂತ ಖಚಿತವಾಗಿ ಗೊತ್ತಿರಲೇಬೇಕಾದ ಕಡೆ ಇಂಜಿನಿಯರುಗಳು ನೊರೆಯ ಅಣ್ಣನನ್ನು ಕರೆಯುತ್ತಾರೆ: ತೆಳು ಹಾಳೆಯಿಂದ ಮಾಡಿದ ಅಲ್ಯುಮಿನಿಯಂ ಜೇನುಗೂಡು. ಅದೇ ದಿಬ್ಬ, ಅದೇ ಬಯಲು, ಅದೇ ಬೆಟ್ಟ. ಆದರೆ ಕೋಶಗಳೆಲ್ಲ ಒಂದೇ ಅಳತೆ. ಮೊದಲ ದಿಬ್ಬದ ಕುಲುಕೂ ಬೇಡ ಅಂದರೆ ಮುಂಚೆಯೇ ಸ್ವಲ್ಪ ಜಜ್ಜಿಟ್ಟು ಬಳಸುವುದೂ ಉಂಟು.

1966ರ ಜೂನ್ 2ರಂದು ಚಂದ್ರನ ಮೇಲಿಳಿದ ಸರ್ವೇಯರ್-1ರ ಅಡಿಯಲ್ಲಿ ಇಂಥ ಜೇನುಗೂಡಿನ ದಿಮ್ಮಿಗಳಿದ್ದವು. ಅಪೋಲೊ ನೌಕೆಯ ಕಾಲುಗಳೊಳಗೂ ಇದ್ದವು, ಸೆಕೆಂಡಿಗೆ 10 ಅಡಿ, ಅಂದರೆ ಸುಮಾರು 3 ಮೀಟರ್ ವೇಗದ ಪೆಟ್ಟಿಗೆ ತಯಾರಾಗಿ. 1969ರಲ್ಲಿ ಆರ್ಮ್‌ಸ್ಟ್ರಾಂಗ್ ಎಷ್ಟು ನಯವಾಗಿ ಇಳಿಸಿದರೆಂದರೆ ಕಾಲುಗಳು ಕುಗ್ಗಲೇ ಇಲ್ಲ ಅನ್ನಬಹುದು. ಪರಿಣಾಮ, ಏಣಿಯ ಕೊನೆ ಮೆಟ್ಟಿಲು ನೆಲದಿಂದ ಮೂರಡಿ ಮೇಲೆಯೇ ಉಳಿಯಿತು. ಚಂದ್ರನ ಮೇಲೆ ಕಾಲಿಡುವ ಮೊದಲು ಆತ ಕೆಳಗೆ ಧುಮುಕಿ, ವಾಪಸ್ ಹತ್ತೋಕಾಗುತ್ತಾ ಅಂತ ಒಮ್ಮೆ ಮೇಲಕ್ಕೆ ಹಾರಿ ನೋಡಿಕೊಂಡರು.

ನಮ್ಮ ವಿಕ್ರಮ್ ಕಾಲುಗಳಲ್ಲೂ ಇದೇ ಜೇನುಗೂಡು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿದಾಗ ಯಾವ ಕಾಲೂ ಏನೂ ಮಾಡುವಂತಿರಲಿಲ್ಲ. ಬಯಲು ಎಷ್ಟೇ ಉದ್ದವಿದ್ದರೂ ಅದಕ್ಕೊಂದು ಕೊನೆ ಇರುತ್ತೆ. ಚಂದ್ರಯಾನ-3ಕ್ಕೆ ಇಸ್ರೋ ಕಾಲುಗಳನ್ನು ಬಲಪಡಿಸಿ, ತಡೆಯಬೇಕಾದ ಇಳಿವೇಗವನ್ನು ಸೆಕೆಂಡಿಗೆ 2 ಮೀಟರಿನಿಂದ 3ಕ್ಕೆ ಏರಿಸಿತು. ಕೇಳೋಕೆ ಒಂದೇ ಮೀಟರ್. ಆದರೆ ಪೆಟ್ಟಿನ ಶಕ್ತಿ ವೇಗದ ವರ್ಗದ ಪ್ರಕಾರ ಏರುವುದರಿಂದ, ನುಂಗಬೇಕಾದದ್ದು ಎರಡು ಪಟ್ಟಿಗೂ ಜಾಸ್ತಿ.

ಇಷ್ಟೆಲ್ಲ ಓದಿದ ಮೇಲೆ ನಿಮ್ಮ ಹೆಲ್ಮೆಟ್ ಒಮ್ಮೆ ತಿರುಗಿಸಿ ನೋಡಿ. ಒಳಗಿನ ಬಿಳಿ ಥರ್ಮೋಕೋಲ್ ಕೂಡ ಇದೇ ವಂಶ. ಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದಾಗ ಅದು ತನ್ನ ಬಯಲನ್ನು ಖರ್ಚು ಮಾಡಿರುತ್ತೆ. ಹೊರಗಿನ ಬಣ್ಣ ಫಳಫಳ ಅಂತಿದ್ದರೂ ಅಲ್ಲಿ ಈಗ ಇರುವುದು ಬೆಟ್ಟ ಮಾತ್ರ. "ಏನೂ ಆಗಿಲ್ಲ ಮಗಾ, ಒಂದು ಗೀರು ಅಷ್ಟೆ" ಅಂತ ಅದನ್ನೇ ಹಾಕಿಕೊಂಡು ಓಡಾಡುವವರು ನನ್ನ ಆಫೀಸಿನಲ್ಲೇ ಇದ್ದಾರೆ.

ವಿಕ್ರಮ್ 2023ರ ಆಗಸ್ಟ್ 23ರ ಸಂಜೆ ಸುಸೂತ್ರವಾಗಿ ಇಳಿಯಿತು. ಆಮೇಲಿನದ್ದು ನನಗೆ ಇನ್ನೂ ಇಷ್ಟ. ಸೆಪ್ಟೆಂಬರ್ 3ರಂದು ಇಸ್ರೋ ಅದರ ಎಂಜಿನ್ ಮತ್ತೆ ಉರಿಸಿತು. ಲ್ಯಾಂಡರ್ ಸುಮಾರು 40 ಸೆಂಟಿಮೀಟರ್ ಮೇಲೆದ್ದು, 30–40 ಸೆಂಟಿಮೀಟರ್ ಆಚೆ ಮತ್ತೆ ಕೂತಿತು. ಒಂದು ಸಲ ಜಜ್ಜಿಹೋಗಲೆಂದೇ ಮಾಡಿದ ಆ ನಾಲ್ಕು ಕಾಲುಗಳ ಮೇಲೆ, ಎರಡನೇ ಸಲ.