ಸುಲ್ತಾನರ ಬೆಳಗಿನ ಒಂದು ಗಂಟೆ



ಜನರು ಚಿಂತನೆ ಮಾಡಲೆಂದೇ ಈ ಗ್ರಂಥವನ್ನು ಇಳಿಸಲಾಗಿದೆ ಎಂದು ಕುರ್‌ಆನ್ ಹೇಳುತ್ತದೆ (38:29). ಚಿಂತಿಸದವರ ಹೃದಯಗಳಿಗೆ ಬೀಗ ಬಿದ್ದಿದೆಯೇ ಎಂದೂ ಕೇಳುತ್ತದೆ (47:24). ಉಲಮಾಗಳು ಇದನ್ನು ತದಬ್ಬುರ್ ಎನ್ನುತ್ತಾರೆ. ಕಳೆದ ಜುಮಾ ಖುತ್ಬಾದಲ್ಲಿ ಈ ವಿಷಯ ಮಾತನಾಡಿದ್ದೆ. ನಮಾಝ್ ಮುಗಿದ ಮೇಲೆ ಮಳವಳ್ಳಿ ಕಡೆಯ ಯುವಕನೊಬ್ಬ ಹತ್ತಿರ ಬಂದು, "ಹಜರತ್, ಟಿಪ್ಪು ಸುಲ್ತಾನರು ದಿನಾ ಕುರ್‌ಆನ್ ಓದುತ್ತಿದ್ದರಂತೆ. ಮತ್ತೆ ಯಾಕೆ ಸೋತರು?" ಎಂದು ಕೇಳಿದ. ಬಿ.ಎ.ಯಲ್ಲಿ ಇತಿಹಾಸ ಓದಿದವನಾದರೂ ನನಗೆ ನಿಂತಲ್ಲೇ ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸುಲ್ತಾನರ ಆಡಳಿತದ ಬಗ್ಗೆ ಇರುವ ಜಗಳ ಬೇರೆ, ಅದನ್ನು ಇಲ್ಲಿಗೆ ತರುವುದಿಲ್ಲ.

ಅವರು ಓದುತ್ತಿದ್ದುದು ನಿಜ. 1799ರ ಯುದ್ಧದಲ್ಲಿ ಇಂಗ್ಲಿಷರ ಪರವಾಗಿದ್ದ ಅಧಿಕಾರಿ ಬೀಟ್ಸನ್, ಸುಲ್ತಾನರು ನಸುಕಿನಲ್ಲಿ ಎದ್ದು ಮುಖ ತೊಳೆದು ಒಂದು ಗಂಟೆ ಕುರ್‌ಆನ್ ಓದುತ್ತಿದ್ದರೆಂದು ಬರೆದಿದ್ದಾನೆ. ಶತ್ರುವಿನ ಕಡೆಯವನು ಬರೆದ ಮಾತು, ಆದ್ದರಿಂದ ಅದಕ್ಕೆ ತೂಕ ಹೆಚ್ಚು. ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಲ್ಲಿ ಸುಮಾರು ಎರಡು ಸಾವಿರ ಹಸ್ತಪ್ರತಿಗಳು ಸಿಕ್ಕವು. ಚಾರ್ಲ್ಸ್ ಸ್ಟೂವರ್ಟ್ ಎಂಬ ವಿದ್ವಾಂಸ 1809ರಲ್ಲಿ ಅವುಗಳ ಪಟ್ಟಿಯನ್ನು ಅಚ್ಚು ಹಾಕಿಸಿದ. ಹೆಚ್ಚಿನವು ಸವಣೂರು, ಕಡಪ, ಕರ್ನಾಟಿಕ್ ಪ್ರಾಂತ್ಯಗಳಿಂದ ಯುದ್ಧದಲ್ಲಿ ತಂದ ಪುಸ್ತಕಗಳೆಂದೂ ಅವನೇ ಹೇಳುತ್ತಾನೆ. ಇದನ್ನೂ ನಾವು ಮುಚ್ಚಿಡಬಾರದು. ಶ್ರೀರಂಗಪಟ್ಟಣದಲ್ಲೇ ರಟ್ಟು ಕಟ್ಟಿಸಿದ ಪುಸ್ತಕಗಳ ಮೇಲೆ ಒಂದು ಮುದ್ರೆ ಇತ್ತು. ನಾಲ್ಕು ಮೂಲೆಗಳಲ್ಲಿ ನಾಲ್ವರು ಖಲೀಫರ ಹೆಸರು, ಮೇಲ್ಗಡೆ 'ಸರ್ಕಾರೆ ಖುದಾದಾದ್', ಕೆಳಗೆ 'ಅಲ್ಲಾಹ್ ಕಾಫೀ'. ಅಂದರೆ, ಅಲ್ಲಾಹನು ಸಾಕು.

ಈ ಮಾತಿನ ಬೇರು ಕುರ್‌ಆನಿನಲ್ಲಿದೆ. ತನ್ನ ದಾಸನಿಗೆ ಅಲ್ಲಾಹನು ಸಾಲದೇ ಎಂದು ಅಝ್ಝುಮರ್ ಅಧ್ಯಾಯ ಕೇಳುತ್ತದೆ (39:36). ಇದೇ ಅರ್ಥದ ಇನ್ನೊಂದು ಸೂಕ್ತ ಆಲಿ ಇಮ್ರಾನ್‌ನಲ್ಲಿದೆ (3:173). ಅದರ ಹಿನ್ನೆಲೆ ತಿಳಿಯದೆ ಓದಿದರೆ ಅರ್ಧ ಅರ್ಥವೂ ಸಿಗದು. ಹಿಜರಿ ಮೂರನೇ ವರ್ಷ, ಉಹುದ್ ಯುದ್ಧದ ಮಾರನೆಯ ದಿನ. ಎಪ್ಪತ್ತು ಸಹಾಬಿಗಳು ಹುತಾತ್ಮರಾಗಿದ್ದಾರೆ. ಪ್ರವಾದಿಯವರಿಗೇ(ಸ) ಗಾಯವಾಗಿದೆ. ಮದೀನಾದ ಮನೆಮನೆಯಲ್ಲೂ ಅಳು. ಆಗಲೇ ಪ್ರವಾದಿಯವರು(ಸ), ನಿನ್ನೆ ಯುದ್ಧದಲ್ಲಿದ್ದವರು ಮತ್ತೆ ಹೊರಡಿ ಎಂದರು. ಗಾಯದ ಮೇಲೆ ಬಟ್ಟೆ ಸುತ್ತಿಕೊಂಡವರು ಎದ್ದು ಮದೀನಾದಿಂದ ಎಂಟು ಮೈಲಿ ದೂರದ ಹಮ್ರಾಉಲ್ ಅಸದ್‌ವರೆಗೆ ನಡೆದರು. ನಿಮ್ಮ ವಿರುದ್ಧ ಜನ ಒಟ್ಟಾಗಿದ್ದಾರೆ, ಹೆದರಿ ಎಂದು ಯಾರೋ ಸುದ್ದಿ ಮುಟ್ಟಿಸಿದರೆ ಅವರ ಈಮಾನ್ ಇನ್ನಷ್ಟು ಬಲವಾಯಿತು. ನಮಗೆ ಅಲ್ಲಾಹನು ಸಾಕು ಎಂದರು. ಸಹೋದರರೇ, ಅದು ಗೆದ್ದವರ ಬಾಯಲ್ಲಿ ಬಂದ ಮಾತಲ್ಲ. ಹಿಂದಿನ ದಿನವಷ್ಟೇ ಪೆಟ್ಟು ತಿಂದವರ ಮಾತು.

ಇನ್ನು ನಮ್ಮ ಊರುಗಳಿಗೆ ಬರೋಣ. 1792ರ ಒಪ್ಪಂದದಲ್ಲಿ ಸುಲ್ತಾನರು ಅರ್ಧ ರಾಜ್ಯ ಕಳೆದುಕೊಂಡರು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು. ಇಬ್ಬರು ಎಳೆಯ ಗಂಡುಮಕ್ಕಳನ್ನು ಒತ್ತೆ ಕಳಿಸಬೇಕಾಯಿತು. ಏಳು ವರ್ಷದ ಮೇಲೆ ಜನರಲ್ ಹ್ಯಾರಿಸ್‌ನ ಸೈನ್ಯ ಬಂತು. ಮದ್ದೂರು ಹೊಳೆಯ ದಂಡೆಯಲ್ಲಿ ತಡೆಯುವ ಅವಕಾಶ ಇತ್ತು, ತಡೆಯಲಿಲ್ಲ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಯುದ್ಧವಾಗಿ ಹಿಂದೆ ಸರಿದರು. ತಂದೆ ಹೈದರ್ ತಮಗೆ ಜಹಗೀರಾಗಿ ಕೊಟ್ಟಿದ್ದ ಊರು ಅದು. ಇಂಗ್ಲಿಷರು ಸೋಸಲೆಯಲ್ಲಿ ಕಾವೇರಿ ದಾಟಿಯಾರೆಂದು ಅವರು ಎಣಿಸಿರಲಿಲ್ಲ. ಇವೆಲ್ಲ ಲೆಕ್ಕಾಚಾರದ ತಪ್ಪುಗಳು. ಬೆಳಗಿನ ತಿಲಾವತ್ ಕಾವಲುಗಾರನ ಕೆಲಸ ಮಾಡಿಕೊಡುವುದಿಲ್ಲ. ಉಹುದ್‌ನಲ್ಲೂ ಬಿಲ್ಲುಗಾರರು ಗುಡ್ಡ ಬಿಟ್ಟು ಇಳಿದದ್ದಕ್ಕೆ ಬೆಲೆ ತೆರಬೇಕಾಯಿತು, ಪ್ರವಾದಿಯವರೇ(ಸ) ಅಲ್ಲಿದ್ದರೂ.

ಮೇ 4ರ ಬೆಳಿಗ್ಗೆ ಜ್ಯೋತಿಷಿಗಳು ದಿನ ಚೆನ್ನಾಗಿಲ್ಲ ಎಂದಾಗ ಸುಲ್ತಾನರು ಆನೆಯನ್ನೂ ಹಣವನ್ನೂ ದಾನ ಕೊಟ್ಟರು. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಸಯ್ಯದ್ ಗಫ್ಫಾರ್ ಗುಂಡಿಗೆ ಬಲಿಯಾದ ಸುದ್ದಿ ಬಂತು. ತಟ್ಟೆ ಬಿಟ್ಟು ಎದ್ದು, ಕೋಟೆ ಒಡೆದ ಕಡೆಗೇ ನಡೆದರು. ರಾತ್ರಿ ಪಂಜಿನ ಬೆಳಕಿನಲ್ಲಿ ಹೆಣದ ರಾಶಿಯಿಂದ ಅವರನ್ನು ಎತ್ತಿದಾಗ ಬಲತೋಳಿನಲ್ಲಿ ಒಂದು ತಾಯಿತ ಇತ್ತು. ಹೂವಿನ ರೇಷ್ಮೆಯಲ್ಲಿ ಹೊಲಿದದ್ದು. ಒಳಗೆ ಬೆಳ್ಳಿ ಬಣ್ಣದ ಲೋಹ, ಅರಬಿ ಪಾರಸಿ ಅಕ್ಷರಗಳ ಚೀಟಿ. ಮಲಗುವ ಕೋಣೆಯಲ್ಲಿ ಅವರ ಸ್ವಂತ ಕೈಬರಹದ ಕನಸುಗಳ ಪುಸ್ತಕವೂ ಸಿಕ್ಕಿತು. ಮೂವತ್ತೇಳು ಕನಸುಗಳಿದ್ದ ಆ ಪುಸ್ತಕವನ್ನು ಯಾರಾದರೂ ಹತ್ತಿರ ಬಂದರೆ ಅಡಗಿಸಿಡುತ್ತಿದ್ದರಂತೆ.

ಒಬ್ಬನೇ ಮನುಷ್ಯನಲ್ಲಿ ಎರಡೂ ಇದ್ದವು. ತೋಳಿಗೆ ತಾಯಿತ, ಪುಸ್ತಕದ ರಟ್ಟಿನ ಮೇಲೆ 'ಅಲ್ಲಾಹ್ ಕಾಫೀ'. ತಾಯಿತ ಗುಂಡನ್ನು ತಡೆಯಲಿಲ್ಲ. ಆದರೆ ಊಟ ಬಿಟ್ಟು ಎದ್ದವನು ಹಿಂದಿನ ಬಾಗಿಲಿನಿಂದ ಹೋಗದೆ ಮುಂದಕ್ಕೆ ಹೋದ. ಆ ಕಾಲುಗಳಿಗೆ ಬಲ ಕೊಟ್ಟದ್ದು ಏನು? ಮನಸ್ಸಿನೊಳಗನ್ನು ಅಲ್ಲಾಹನೇ ಬಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬೆಳಗಿನ ಆ ಒಂದು ಗಂಟೆಗೆ ಅದರಲ್ಲಿ ಪಾಲಿದೆ ಎನ್ನುತ್ತೇನೆ. ಆ ಯುವಕನ ಪ್ರಶ್ನೆಗೆ ಇದೇ ನನ್ನ ಉತ್ತರ.

ನನ್ನದೂ ಒಂದು ಮಾತು ಹೇಳಬೇಕು. ಹುಡುಗನಾಗಿದ್ದಾಗ ಮದರಸದಲ್ಲಿ ಆಲಿ ಇಮ್ರಾನ್ ಇಡೀ ಬಾಯಿಪಾಠ ಒಪ್ಪಿಸುತ್ತಿದ್ದೆ. ಉಸ್ತಾದರ ಬೆತ್ತಕ್ಕೆ ಹೆದರಿ ಒಂದಕ್ಷರ ತಪ್ಪುತ್ತಿರಲಿಲ್ಲ. ಆ ಸೂಕ್ತ ಗಾಯಾಳುಗಳದ್ದು ಎಂದು ತಿಳಿದದ್ದು ಕಾಲೇಜಿಗೆ ಹೋದ ಮೇಲೆ, ಕನ್ನಡ ಅನುವಾದ ಕೈಗೆ ಬಂದಾಗ. ಅಲ್ಲಿಯವರೆಗೆ ನನ್ನ ನಾಲಿಗೆಯ ಮೇಲಿತ್ತು, ಅಷ್ಟೇ. ಪ್ರವಾದಿಯವರು(ಸ) ಒಂದು ರಾತ್ರಿ ಬೆಳಗಾಗುವ ತನಕ ಒಂದೇ ಸೂಕ್ತವನ್ನು (5:118) ಮತ್ತೆ ಮತ್ತೆ ಓದುತ್ತ ನಿಂತಿದ್ದರೆಂದು ಅಬೂ ದರ್ರ್(ರ) ವರದಿ ಮಾಡಿದ್ದಾರೆ. ನಾವು ರಮಝಾನಿನಲ್ಲಿ ಎಷ್ಟು ಖತಂ ಆಯಿತೆಂದು ಲೆಕ್ಕ ಹಾಕುತ್ತೇವೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತೆಂದರೆ ನನ್ನ ಕೋಣೆಯ ಮುಂದೆ ತಾಯಂದಿರ ಸಾಲು. ಈ ಸಲ ಒಬ್ಬ ತಾಯಿ ಮಗನಿಗೆ ತಾಯಿತ ಕೇಳಿದರು. ಹುಡುಗನಿಗೆ ಗಣಿತವೆಂದರೆ ಕೈನಡುಕವಂತೆ. ನಾನು ಹುಡುಗನನ್ನು ಕೂರಿಸಿಕೊಂಡು ಉಹುದ್‌ನ ಮಾರನೆಯ ದಿನದ ಕಥೆ ಹೇಳಿದೆ. ಆ ಸೂಕ್ತದ ಅರ್ಥವನ್ನು ಕನ್ನಡದಲ್ಲಿ ಕಾಗದದ ಮೇಲೆ ಬರೆದುಕೊಟ್ಟು, ರಾತ್ರಿ ಮಲಗುವ ಮುಂಚೆ ನಿಧಾನವಾಗಿ ಓದು, ಬೆಳಿಗ್ಗೆ ಎದ್ದು ಲೆಕ್ಕ ಮಾಡು ಎಂದೆ. ಹುಡುಗ ಅಲ್ಲೇ ಎರಡು ಸಲ ಓದಿದ. ತಾಯಿ ಕಾಗದವನ್ನು ಭಕ್ತಿಯಿಂದ ನಾಲ್ಕು ಮಡಿಕೆ ಮಾಡಿ, "ಹಜರತ್, ಇದಕ್ಕೊಂದು ಕಪ್ಪು ದಾರ ಇದ್ದರೆ ಕೊಡಿ" ಎಂದರು.

ಹುಡುಗ ನಗುತ್ತ ಅವರ ಕೈಯಿಂದ ಕಾಗದ ತೆಗೆದುಕೊಂಡು, ಮಡಿಕೆ ಬಿಚ್ಚಿ, ಗಣಿತದ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡ.