ಈಜುಕೊಳದ ನೀರಿನ ರಾಸಾಯನಿಕ ಸಮತೋಲನ

ಈಜುಕೊಳದ ನೀರಿನ ರಾಸಾಯನಿಕ ಸಮತೋಲನ ಎಂದರೆ ಕೊಳದ ನೀರು ರೋಗಾಣುಮುಕ್ತವಾಗಿಯೂ ಈಜುವವರ ಕಣ್ಣು, ಚರ್ಮಗಳಿಗೆ ಹಿತವಾಗಿಯೂ ಕೊಳದ ಗೋಡೆ, ಕೊಳವೆ ಮತ್ತು ಪಂಪುಗಳಿಗೆ ಹಾನಿಯಾಗದಂತೆಯೂ ಇರುವ ಹಾಗೆ ಅದರಲ್ಲಿನ ರಾಸಾಯನಿಕ ಅಂಶಗಳನ್ನು ನಿರ್ದಿಷ್ಟ ಮಿತಿಯೊಳಗೆ ಕಾಯ್ದುಕೊಳ್ಳುವ ಕ್ರಮ. ಮನೆಯ ಕೊಳಗಳಲ್ಲಿ ಮುಖ್ಯವಾಗಿ ಕ್ಲೋರಿನ್, ಪಿಎಚ್ ಮೌಲ್ಯ, ಒಟ್ಟು ಕ್ಷಾರತೆ, ಕ್ಯಾಲ್ಸಿಯಂ ಗಡಸುತನ ಹಾಗೂ ಸೈಯನೂರಿಕ್ ಆಮ್ಲ ಎಂಬ ಐದು ಅಂಶಗಳನ್ನು ಪರೀಕ್ಷಿಸಲಾಗುತ್ತದೆ. ತಿಳಿಯಾಗಿ ಕಾಣುವ ನೀರೆಲ್ಲ ಸುರಕ್ಷಿತವಲ್ಲವಾದ್ದರಿಂದ ಕಣ್ಣಂದಾಜು ಇಲ್ಲಿ ಸಾಲದು.

ಕ್ಲೋರಿನ್ ಮತ್ತು ಪಿಎಚ್

ಕ್ಲೋರಿನ್ ಸಂಯುಕ್ತವನ್ನು ನೀರಿಗೆ ಬೆರೆಸಿದಾಗ ಹೈಪೋಕ್ಲೋರಸ್ ಆಮ್ಲ ಮತ್ತು ಹೈಪೋಕ್ಲೋರೈಟ್ ಅಯಾನುಗಳು ಉಂಟಾಗುತ್ತವೆ. ಇವುಗಳಲ್ಲಿ ಮೊದಲನೆಯದು ರೋಗಾಣುಗಳನ್ನು ಅನೇಕ ಪಟ್ಟು ವೇಗವಾಗಿ ಕೊಲ್ಲುತ್ತದೆ. ಎರಡರ ಪ್ರಮಾಣವನ್ನು ನಿರ್ಧರಿಸುವುದು ಪಿಎಚ್. ಪಿಎಚ್ 7 ಇದ್ದಾಗ ಸುಮಾರು ಮುಕ್ಕಾಲು ಭಾಗ, 7.5ರಲ್ಲಿ ಸುಮಾರು ಅರ್ಧ, 8ರಲ್ಲಿ ಕೇವಲ ಕಾಲು ಭಾಗದಷ್ಟು ಮಾತ್ರ ಹೈಪೋಕ್ಲೋರಸ್ ಆಮ್ಲದ ರೂಪದಲ್ಲಿರುತ್ತದೆ. ಆದುದರಿಂದ ಪಿಎಚ್ ಏರಿರುವ ಕೊಳಕ್ಕೆ ಎಷ್ಟು ಕ್ಲೋರಿನ್ ಸುರಿದರೂ ಅದರ ಬಹುಭಾಗ ಮಂದವಾಗಿಯೇ ಉಳಿಯುತ್ತದೆ. ಪಿಎಚ್ 7.2ರಿಂದ 7.8ರ ನಡುವೆ ಹಾಗೂ ಮುಕ್ತ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರುವುದು ವಾಡಿಕೆಯ ಮಿತಿ. ಮನುಷ್ಯನ ಕಣ್ಣೀರಿನ ಪಿಎಚ್ ಸುಮಾರು 7.4 ಆಗಿರುವುದರಿಂದ ಈ ಮಿತಿ ಕಣ್ಣಿಗೂ ಹಿತಕರ.

ಬೆವರು, ಮೂತ್ರ ಮೊದಲಾದವುಗಳಲ್ಲಿನ ಸಾರಜನಕ ಸಂಯುಕ್ತಗಳೊಡನೆ ಕ್ಲೋರಿನ್ ಸೇರಿ ಕ್ಲೋರಮೈನುಗಳಾಗುತ್ತವೆ. ಈಜುಕೊಳದ ಘಾಟು ವಾಸನೆಯನ್ನು ಹೆಚ್ಚು ಕ್ಲೋರಿನ್ ಇರುವುದರ ಲಕ್ಷಣವೆಂದು ಜನ ತಿಳಿಯುವುದುಂಟು. ವಾಸ್ತವವಾಗಿ ಅದು ಕ್ಲೋರಮೈನುಗಳ ವಾಸನೆ, ಹಲವು ವೇಳೆ ಮುಕ್ತ ಕ್ಲೋರಿನ್ ಸಾಲದಿರುವುದರ ಸೂಚನೆ. ಕಣ್ಣುರಿಗೂ ಮುಖ್ಯ ಕಾರಣ ಇವೇ. ಇಂಥ ಸಂಯುಕ್ತ ಕ್ಲೋರಿನ್ನಿನ ಸುಮಾರು ಹತ್ತು ಪಟ್ಟು ಕ್ಲೋರಿನ್ನನ್ನು ಒಮ್ಮೆಲೇ ಬೆರೆಸಿ ಅದನ್ನು ನಾಶಪಡಿಸುವುದು ರೂಢಿ.

ಸರಿಯಾಗಿ ಕ್ಲೋರಿನ್ ಬೆರೆತ ನೀರಿನಲ್ಲಿ ಇ. ಕೋಲಿ ಒಂದು ನಿಮಿಷದೊಳಗೆ ಸಾಯುತ್ತದೆ. ಭೇದಿ ಉಂಟುಮಾಡುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಮಾತ್ರ ಅದೇ ನೀರಿನಲ್ಲಿ ಒಂದು ವಾರಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಭೇದಿಯಾಗಿರುವ ಮಗುವನ್ನು ಕೊಳಕ್ಕಿಳಿಸಬಾರದೆನ್ನುವುದು ಇದಕ್ಕಾಗಿಯೇ.

ಸೈಯನೂರಿಕ್ ಆಮ್ಲ

ಬಿಸಿಲಿನ ಅತಿನೇರಳೆ ಕಿರಣಗಳು ಬಯಲಿನ ಕೊಳದ ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ಕರಗಿಸಿಬಿಡುತ್ತವೆ. ಇದನ್ನು ತಡೆಯಲು ಲೀಟರಿಗೆ 30ರಿಂದ 50 ಮಿಲಿಗ್ರಾಂ ಸೈಯನೂರಿಕ್ ಆಮ್ಲ ಸಾಕು. ಆದರೆ ಅದು ಹೆಚ್ಚಿದಷ್ಟೂ ಕ್ಲೋರಿನ್ನಿನ ಕ್ರಿಯೆ ನಿಧಾನವಾಗುತ್ತದೆ. ಅನುಕೂಲಕ್ಕೆಂದು ಬಳಸುವ ಟ್ರೈಕ್ಲೋರ್ ಮಾತ್ರೆಗಳಲ್ಲಿ ಈ ಆಮ್ಲ ಅಡಕವಾಗಿದ್ದು, ಪ್ರತಿ 10 ಮಿಲಿಗ್ರಾಂ ಕ್ಲೋರಿನ್ನಿನೊಡನೆ ಸುಮಾರು 6 ಮಿಲಿಗ್ರಾಂ ಆಮ್ಲ ನೀರಿಗೆ ಸೇರುತ್ತದೆ. ಕ್ಲೋರಿನ್ ಖರ್ಚಾದರೂ ಇದು ಉಳಿಯುತ್ತದೆ. ವರ್ಷಗಟ್ಟಲೆ ಮಾತ್ರೆಯನ್ನೇ ನಂಬಿದ ಕೊಳಗಳಲ್ಲಿ, ಪರೀಕ್ಷೆಯಲ್ಲಿ ಕ್ಲೋರಿನ್ ಸರಿಯಾಗಿ ಕಂಡರೂ, ಪಾಚಿ ಕಟ್ಟುವುದಕ್ಕೆ ಇದೇ ಕಾರಣವಾಗಿರುವುದುಂಟು. ಒಂದಷ್ಟು ನೀರನ್ನು ಹೊರಹಾಕಿ ಹೊಸ ನೀರು ತುಂಬುವುದೇ ಇದಕ್ಕೆ ವಾಡಿಕೆಯ ಪರಿಹಾರ.

ಕ್ಷಾರತೆ ಮತ್ತು ಗಡಸುತನ

ಒಟ್ಟು ಕ್ಷಾರತೆಯು ಪಿಎಚ್ ಥಟ್ಟನೆ ಏರಿಳಿಯದಂತೆ ತಡೆಯುತ್ತದೆ; ಲೀಟರಿಗೆ 80ರಿಂದ 120 ಮಿಲಿಗ್ರಾಂ ಸಾಮಾನ್ಯ ಮಿತಿ. ಕಡಿಮೆಯಾದರೆ ಅಡುಗೆ ಸೋಡಾ ಬೆರೆಸುತ್ತಾರೆ. ಗಡಸುತನ 200ರಿಂದ 400 ಮಿಲಿಗ್ರಾಂ ಇರಬಹುದು. ಸುಣ್ಣದಂಶ ಕಡಿಮೆಯಿರುವ ನೀರು ಸಿಮೆಂಟು ಗಾರೆಯಿಂದಲೇ ಅದನ್ನು ಕರಗಿಸಿಕೊಳ್ಳುತ್ತದೆ; ಹೆಚ್ಚಿದ್ದರೆ ಬಿಳಿ ಪೊರೆ ಕಟ್ಟುತ್ತದೆ. ಕರ್ನಾಟಕದ ಬಯಲುಸೀಮೆಯ ಹಲವೆಡೆ ಕೊಳವೆಬಾವಿಯ ನೀರು ಗಡಸಾಗಿರುವುದರಿಂದ ಅಲ್ಲಿ ಎರಡನೆಯ ತೊಂದರೆಯೇ ಹೆಚ್ಚು. ಈ ಪ್ರವೃತ್ತಿಯನ್ನು ಲೆಕ್ಕಹಾಕಲು 1936ರಲ್ಲಿ ಅಮೆರಿಕದ ವಿಲ್ಫ್ರೆಡ್ ಲಾಂಗೆಲಿಯರ್ ರೂಪಿಸಿದ ಸೂಚ್ಯಂಕವನ್ನು ಇಂದಿಗೂ ಬಳಸಲಾಗುತ್ತದೆ.

ಪ್ರಮಾಣದ ಲೆಕ್ಕ

8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳದ ಕೊಳದಲ್ಲಿ 48,000 ಲೀಟರ್ ನೀರಿರುತ್ತದೆ. ಇದರಲ್ಲಿ ಕ್ಲೋರಿನ್ನನ್ನು ಲೀಟರಿಗೆ 1 ಮಿಲಿಗ್ರಾಂ ಹೆಚ್ಚಿಸಲು 48 ಗ್ರಾಂ ಶುದ್ಧ ಕ್ಲೋರಿನ್, ಅಂದರೆ ಶೇ. 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸುಮಾರು 74 ಗ್ರಾಂ ಬೇಕು. ಕ್ಷಾರತೆಯನ್ನು 10 ಮಿಲಿಗ್ರಾಂ ಏರಿಸಲು ಸುಮಾರು 800 ಗ್ರಾಂ ಅಡುಗೆ ಸೋಡಾ ಹಿಡಿಯುತ್ತದೆ. ಮೊದಲು ಕ್ಷಾರತೆ, ಬಳಿಕ ಪಿಎಚ್ ಸರಿಪಡಿಸುವುದು ಕ್ರಮ. ಏರಿದ ಪಿಎಚ್ ಇಳಿಸಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಪಂಪು ನಡೆಯುತ್ತಿರುವಾಗ ಸ್ವಲ್ಪ ಸ್ವಲ್ಪವೇ ಬೆರೆಸಿ, ನೀರು ಸುತ್ತಿದ ಮೇಲೆ ಮತ್ತೆ ಪರೀಕ್ಷಿಸಲಾಗುತ್ತದೆ.

ಸುರಕ್ಷತೆ

ಆಮ್ಲವೂ ಹೈಪೋಕ್ಲೋರೈಟೂ ನೇರವಾಗಿ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಟ್ರೈಕ್ಲೋರ್ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎರಡೂ ಕ್ಲೋರಿನ್ ಪದಾರ್ಥಗಳೇ ಆದರೂ ಒಂದಕ್ಕೊಂದು ಸೋಕಿದರೆ ಬೆಂಕಿ ಅಥವಾ ಸ್ಫೋಟ ಸಂಭವಿಸಬಹುದು; ಆದ್ದರಿಂದ ಒಂದೇ ಅಳತೆ ಪಾತ್ರೆಯನ್ನು ಎರಡಕ್ಕೂ ಬಳಸಬಾರದು. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಇವನ್ನು ಮಕ್ಕಳ ಕೈಗೆಟುಕದಂತೆ, ಒಣಗಿದ, ಗಾಳಿಯಾಡುವ ಜಾಗದಲ್ಲಿ ಬೇರೆ ಬೇರೆಯಾಗಿ ಇಡಬೇಕು.